ಘಟ್ಟದ ಮೇಲಿನ ಕೆರೆಗಳಲ್ಲಿ ಮೀನು ಸಾಕಣೆ: ನೀರಿನ ಲೆಕ್ಕ, ಪಾಲಿನ ಲೆಕ್ಕ

ಉತ್ತರ ಕನ್ನಡ ಜಿಲ್ಲೆಯ ಮೀನುಗಾರಿಕೆ ಎಂದೊಡನೆ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ ಮತ್ತು ಭಟ್ಕಳಗಳ ಕಡಲತೀರ ನೆನಪಿಗೆ ಬರುತ್ತದೆ. ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ತಾಲೂಕುಗಳು ಅಡಿಕೆ, ಕಾಳುಮೆಣಸು, ಏಲಕ್ಕಿ ಹಾಗೂ ಭತ್ತಕ್ಕೆ ಹೆಸರಾದವು. ಆದರೆ ಇಲ್ಲಿಯೂ ಊರ ಕೆರೆಗಳಿವೆ, ತೋಟಕ್ಕೆ ನೀರುಣಿಸುವ ಸಣ್ಣ ಕೆರೆಗಳಿವೆ, ಈಚಿನ ವರ್ಷಗಳಲ್ಲಿ ತೋಡಿದ ಕೃಷಿ ಹೊಂಡಗಳಿವೆ. ಇವುಗಳಲ್ಲಿ ಸಿಹಿನೀರಿನ ಮೀನು ಸಾಕಿ ಉಪ ಆದಾಯ ಪಡೆಯಲು ಸಾಧ್ಯವಿದೆ.

ಮೀನುಮರಿ ತಂದು ಕೆರೆಗೆ ಸುರಿದ ಮಾತ್ರಕ್ಕೆ ಮೀನು ಸಾಕಣೆ ಆಗುವುದಿಲ್ಲ. ಮರಿಗಳು ಕೋಡಿ ಹರಿದು ಹೋಗಬಹುದು, ತೋಟದಿಂದ ಬಂದ ಮೈಲುತುತ್ತದ ನೀರಿಗೆ ಸಾಯಬಹುದು, ಇಲ್ಲವೆ ಬೆಳೆಯುವ ಮೊದಲೇ ಕೆರೆ ಬತ್ತಬಹುದು. ಆದ್ದರಿಂದ ಮರಿಗೆ ಹಣ ಹಾಕುವ ಮುನ್ನ ಎರಡು ಲೆಕ್ಕಗಳನ್ನು ಮಾಡಿಕೊಳ್ಳಬೇಕು. ಒಂದು ನೀರಿನ ಲೆಕ್ಕ, ಇನ್ನೊಂದು ಪಾಲಿನ ಲೆಕ್ಕ.

ಕರಾವಳಿಯಿಂದ ಕಲಿಯಬೇಕಾದುದು

ಹೊಸ ತಂತ್ರ ಬಂದಾಗ ಏನಾಗುತ್ತದೆ ಎಂಬುದಕ್ಕೆ ಜಿಲ್ಲೆಯ ಕರಾವಳಿಯಲ್ಲಿಯೇ ಉದಾಹರಣೆ ಇದೆ. ರಂಪಣಿ ಎಂಬುದು ದಡದಿಂದ ಎಳೆಯುವ ದೊಡ್ಡ ಬಲೆ. ಅದನ್ನು ಎಳೆಯಲು ಹತ್ತಾರು ಜನ ಬೇಕಾಗುತ್ತಿತ್ತು. ಸಿಕ್ಕಿದ ಬಂಗಡೆ, ತಾರ್ಲೆಗಳಲ್ಲಿ ಅವರಿಗೆಲ್ಲ ಪಾಲಿರುತ್ತಿತ್ತು. 1970ರ ದಶಕದ ಮಧ್ಯಭಾಗದಲ್ಲಿ ಯಂತ್ರದ ದೋಣಿಗಳೊಡನೆ ಪರ್ಸೀನ್ ಬಲೆ ಬಂದಿತು. ಮೀನಿನ ಹಿಂಡು ದಡಕ್ಕೆ ಬರುವ ಮೊದಲೇ ಸಮುದ್ರದಲ್ಲಿ ಬಲೆಗೆ ಬೀಳತೊಡಗಿತು. ಕೆಲವೇ ವರ್ಷಗಳಲ್ಲಿ ರಂಪಣಿ ಬಹುಮಟ್ಟಿಗೆ ಹಿಂದೆ ಸರಿಯಿತು. ಮೀನು ಹಿಡಿಯುವ ಶಕ್ತಿಯೇನೋ ಹೆಚ್ಚಿತು. ಯಂತ್ರದ ದೋಣಿ ಕೊಳ್ಳಲಾರದವರ ಪಾಲು ಮಾತ್ರ ಕುಗ್ಗಿತು. ತಂತ್ರದ ಜೊತೆಗೆ ಅದರ ಲಾಭ ಯಾರಿಗೆ ಎಂಬುದನ್ನೂ ಮೊದಲೇ ಯೋಚಿಸಬೇಕೆಂದು ಈ ಅನುಭವ ಕಲಿಸುತ್ತದೆ.

ಎರಡನೆಯ ಮಾತು, ಕರಾವಳಿಯ ಎಲ್ಲ ತಂತ್ರವೂ ಘಟ್ಟ ಹತ್ತಿ ಬರಲಾರದು. ಕಾರವಾರದಲ್ಲಿರುವ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರವು ಪಂಜರಗಳಲ್ಲಿ ಕುರುಡಿ ಮುಂತಾದ ಮೀನು ಬೆಳೆಸುವುದನ್ನು ಮೀನುಗಾರರಿಗೆ ಮಾಡಿ ತೋರಿಸಿದೆ. ಅಲ್ಲಿ ಭರತ ಇಳಿತಗಳಿಂದ ಪಂಜರದ ನೀರು ತಾನಾಗಿಯೇ ಬದಲಾಗುತ್ತದೆ. ತೋಟದ ಕೆರೆಯಲ್ಲಿ ಆ ಅನುಕೂಲವಿಲ್ಲ. ಇಲ್ಲಿಗೆ ಹೊಂದುವುದು ಗೆಂಡೆ ಜಾತಿಯ ಮೀನುಗಳ ಮಿಶ್ರ ಸಾಕಣೆ.

ಈ ಸಾಕಣೆಗೆ ದಾರಿ ತೆರೆದದ್ದು 1957ರ ಜುಲೈ 10. ಅಂದು ಒಡಿಶಾದ ಅಂಗುಲ್‌ನಲ್ಲಿ ಡಾ. ಹೀರಾಲಾಲ್ ಚೌಧುರಿಯವರು ಗೆಂಡೆ ಮೀನುಗಳಿಗೆ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಮೊಟ್ಟೆ ಇಡಿಸುವಲ್ಲಿ ಯಶಸ್ವಿಯಾದರು. ಅದುವರೆಗೆ ಮಳೆಗಾಲದಲ್ಲಿ ನದಿಗಳಿಂದ ಮರಿ ಹಿಡಿದು ತರಬೇಕಾಗಿತ್ತು. ಅದರಲ್ಲಿ ಬೇಡದ ಜಾತಿಗಳೂ ಸೇರಿರುತ್ತಿದ್ದವು. ಈ ವಿಧಾನದಿಂದ ಬೇಕಾದ ಜಾತಿಯ ಮರಿಗಳನ್ನು ಕೇಂದ್ರಗಳಲ್ಲಿಯೇ ಪಡೆಯುವಂತಾಯಿತು. 1971ರಿಂದ ಅಖಿಲ ಭಾರತ ಮಟ್ಟದಲ್ಲಿ ಮಿಶ್ರ ಮೀನು ಸಾಕಣೆಯ ಪ್ರಯೋಗಗಳು ನಡೆದು ಅದರ ಕ್ರಮ ಗೊತ್ತಾಯಿತು.

ನೀರು ಎಷ್ಟು ತಿಂಗಳು ನಿಲ್ಲುತ್ತದೆ?

ಮೊದಲ ವರ್ಷ ರೈತರು ಮಾಡಬೇಕಾದ ಕೆಲಸಕ್ಕೆ ಖರ್ಚೇ ಇಲ್ಲ. ಅಡಿಗಳ ಗುರುತು ಹಾಕಿದ ಒಂದು ಕೋಲನ್ನು ಕೆರೆಯ ಆಳವಾದ ಜಾಗದಲ್ಲಿ ನೆಟ್ಟು, ಪ್ರತಿ ತಿಂಗಳ ಮೊದಲ ದಿನ ನೀರಿನ ಮಟ್ಟವನ್ನು ಬರೆದಿಡಬೇಕು. ಫೆಬ್ರವರಿಯಿಂದ ಅಡಿಕೆಗೆ ನೀರು ಎತ್ತತೊಡಗಿದಾಗ ಮಟ್ಟ ಬೇಗ ಇಳಿಯುತ್ತದೆ. ಗೆಂಡೆ ಮೀನಿಗೆ 4ರಿಂದ 5 ಅಡಿ ನೀರು ಒಳ್ಳೆಯದು. ನೀರು 3 ಅಡಿಗೆ ಇಳಿಯುವ ತಿಂಗಳನ್ನು ಕೊಯ್ಲಿನ ಕೊನೆಯ ತಿಂಗಳೆಂದು ತಿಳಿಯಬೇಕು.

ಈ ಭಾಗದಲ್ಲಿ ಜುಲೈ ತಿಂಗಳ ಮಳೆಗೆ ಕೆರೆಗಳು ಕೋಡಿ ಬೀಳುತ್ತವೆ. ಆಗ ಬಿಟ್ಟ ಸಣ್ಣ ಮರಿಗಳು ನೀರಿನೊಡನೆ ಹೋಗುವ ಸಂಭವ ಹೆಚ್ಚು. ಹರಿವಿನ ರಭಸ ತಗ್ಗಿದ ಮೇಲೆ, ಅಂದರೆ ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರಿನಲ್ಲಿ, ಬೆರಳುದ್ದ ಬೆಳೆದ ಮರಿಗಳನ್ನೇ ಬಿಡುವುದು ಕ್ಷೇಮ. ಕೋಡಿಗೆ ಬಿದಿರಿನ ತಟ್ಟಿ ಅಥವಾ ಸಣ್ಣ ಕಣ್ಣಿನ ಬಲೆಯನ್ನು ಕಟ್ಟಿ, ಅದಕ್ಕೆ ಸಿಕ್ಕಿದ ತರಗೆಲೆಗಳನ್ನು ಆಗಾಗ ತೆಗೆಯುತ್ತಿರಬೇಕು. ಸೆಪ್ಟೆಂಬರಿನಿಂದ ಮಾರ್ಚ್‌ವರೆಗೆ ಏಳು ತಿಂಗಳು ನೀರು ನಿಲ್ಲುವ ಕೆರೆಯಲ್ಲಿ ಸಾಕಣೆ ನಡೆಸಬಹುದು. ಅದಕ್ಕಿಂತ ಮೊದಲೇ ಬತ್ತುವ ಕೆರೆಗೆ ಹಣ ಹಾಕದಿರುವುದೇ ಲೇಸು.

ಸುಣ್ಣ ಮತ್ತು ಗೊಬ್ಬರ

ಜಂಬಿಟ್ಟಿಗೆ ಮಣ್ಣು ಹುಳಿ ಗುಣದ್ದು. ವಿಪರೀತ ಮಳೆಯಿಂದ ಸುಣ್ಣದ ಅಂಶ ತೊಳೆದುಹೋಗಿ ಕೆರೆಯ ನೀರೂ ಮೆದುವಾಗಿರುತ್ತದೆ. ಇಂಥ ನೀರಿನಲ್ಲಿ ಮೀನಿನ ಸಹಜ ಆಹಾರವಾದ ಪ್ಲವಕಗಳು ಚೆನ್ನಾಗಿ ಬೆಳೆಯುವುದಿಲ್ಲ. ಕೆರೆಯ ತಳದ ಮಣ್ಣನ್ನು ಬೇಸಿಗೆಯಲ್ಲಿಯೇ ಪರೀಕ್ಷೆ ಮಾಡಿಸಬೇಕು. ರಸಸಾರ 6ಕ್ಕಿಂತ ಕಡಿಮೆ ಇದ್ದರೆ ಗುಂಟೆಗೆ ಸುಮಾರು 10 ಕಿಲೋ, 6ರಿಂದ 7ರ ನಡುವೆ ಇದ್ದರೆ ಸುಮಾರು 5 ಕಿಲೋ ಸುಣ್ಣವನ್ನು ಮರಿ ಬಿಡುವ ಮೂರು ವಾರ ಮೊದಲು ಹರಡಬೇಕು.

ಸುಣ್ಣ ಹಾಕಿದ ಒಂದು ವಾರದ ನಂತರ ಗುಂಟೆಗೆ 20 ಕಿಲೋ ಸಗಣಿ ಗೊಬ್ಬರ ಹಾಕಬೇಕು. ಆಮೇಲೆ ತಿಂಗಳಿಗೆ ಸುಮಾರು 7 ಕಿಲೋ ಸಾಕು. ನೀರಿಗೆ ಮೊಣಕೈವರೆಗೆ ಕೈ ಇಳಿಸಿ ನೋಡಿದಾಗ ಅಂಗೈ ಮಸುಕಾಗಿ ಕಂಡರೆ ಆಹಾರ ಸರಿಯಾಗಿದೆ ಎಂದರ್ಥ. ಅಂಗೈ ಸ್ಪಷ್ಟವಾಗಿ ಕಂಡರೆ ಗೊಬ್ಬರ ಬೇಕು. ಕೈ ಸ್ವಲ್ಪ ಇಳಿಸುವಷ್ಟರಲ್ಲಿಯೇ ನೀರು ಕಡುಹಸಿರಾಗಿ ಅಂಗೈ ಮರೆಯಾದರೆ ಗೊಬ್ಬರ ನಿಲ್ಲಿಸಬೇಕು. ಬೆಟ್ಟದ ಸೊಪ್ಪು, ಅಡಿಕೆ ಸಿಪ್ಪೆಗಳನ್ನು ಕೆರೆಗೆ ಹಾಕಬಾರದು. ಅವು ಕೊಳೆಯುವಾಗ ನೀರಿನ ಪ್ರಾಣವಾಯುವನ್ನು ಹೀರಿಕೊಳ್ಳುತ್ತವೆ.

ಎಷ್ಟು ಮರಿ, ಯಾವ ಮರಿ

ಗುಂಟೆಗೆ 50 ಬೆರಳುದ್ದದ ಮರಿಗಳು ಸಾಕು. ಹತ್ತರಲ್ಲಿ ನಾಲ್ಕು ಕಾಟ್ಲಾ, ಮೂರು ರೋಹು, ಮೂರು ಮೃಗಾಲ್ ಅಥವಾ ಸಾಮಾನ್ಯ ಗೆಂಡೆ ಇರಲಿ. ಕಾಟ್ಲಾ ಮೇಲಿನ ನೀರಿನಲ್ಲಿ, ರೋಹು ನಡುವಿನಲ್ಲಿ, ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳದಲ್ಲಿ ಮೇಯುವುದರಿಂದ ಒಂದಕ್ಕೊಂದು ಪೈಪೋಟಿ ಕಡಿಮೆ. ಅಲ್ಪಾವಧಿಯ ಕೆರೆಗೆ ಬೇಗ ಬೆಳೆಯುವ ಸಾಮಾನ್ಯ ಗೆಂಡೆ ಅನುಕೂಲ. ಆದರೆ ಅದು ತಳದ ಮಣ್ಣನ್ನು ಕೆದಕುವುದರಿಂದ ಏರಿ ದುರ್ಬಲವಾಗಿರುವಲ್ಲಿ ಬೇಡ. ಕೊರವ, ಮುರುಗೋಡು ಮುಂತಾದ ಮಾಂಸಾಹಾರಿ ಮೀನುಗಳನ್ನು ಮೊದಲೇ ಬಲೆ ಎಳೆದು ತೆಗೆಯಬೇಕು.

ಮರಿ ತಂದ ಪ್ಲಾಸ್ಟಿಕ್ ಚೀಲವನ್ನು 15ರಿಂದ 20 ನಿಮಿಷ ಕೆರೆಯ ನೀರಿನ ಮೇಲೆ ತೇಲಿಸಿ, ಬಳಿಕ ಸ್ವಲ್ಪ ಸ್ವಲ್ಪವಾಗಿ ಕೆರೆಯ ನೀರು ಸೇರಿಸಿ, ಮರಿಗಳು ತಾವಾಗಿಯೇ ಈಜಿ ಹೊರಹೋಗುವಂತೆ ಬಿಡಬೇಕು. ಬೆಳಗಿನ ಅಥವಾ ಸಂಜೆಯ ತಂಪು ಹೊತ್ತು ಇದಕ್ಕೆ ತಕ್ಕುದು.

ತೌಡು ಮತ್ತು ಶೇಂಗಾ ಹಿಂಡಿಯನ್ನು ಸಮಪಾಲಾಗಿ ಕಲಸಿ, ಮೀನಿನ ಒಟ್ಟು ತೂಕದ ಶೇಕಡಾ 2ರಷ್ಟು ದಿನವೂ ಒಂದೇ ಜಾಗದಲ್ಲಿ ಕೊಡಬೇಕು. ಲೆಕ್ಕಕ್ಕೆ 10 ಗುಂಟೆಯ ಕೆರೆಯನ್ನು ತೆಗೆದುಕೊಳ್ಳೋಣ. ಅದಕ್ಕೆ 500 ಮರಿ ಬಿಟ್ಟು 300 ಉಳಿದವೆಂದು ಇಟ್ಟುಕೊಂಡರೆ, ಸರಾಸರಿ 200 ಗ್ರಾಂ ತೂಗುವಾಗ ಒಟ್ಟು 60 ಕಿಲೋ ಆಯಿತು; ದಿನದ ಆಹಾರ 1.2 ಕಿಲೋ. ಅವು ಅರ್ಧ ಕಿಲೋಕ್ಕೆ ಬಂದಾಗ ಇಳುವರಿ 150 ಕಿಲೋ. ತಿಂಗಳಿಗೊಮ್ಮೆ ಬಲೆ ಎಳೆದು ಕೆಲವು ಮೀನುಗಳನ್ನು ತೂಗಿ ಈ ಲೆಕ್ಕವನ್ನು ಸರಿಪಡಿಸಿಕೊಳ್ಳುತ್ತಿರಬೇಕು.

ಮೈಲುತುತ್ತದ ಎಚ್ಚರಿಕೆ

ಅಡಿಕೆ ತೋಟಗಳ ನಾಡಿನಲ್ಲಿ ಮೀನು ಸಾಕುವವರು ಮರೆಯಬಾರದ ವಿಷಯವಿದು. ಕೊಳೆರೋಗಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣ ಸಿಂಪಡಿಸದೆ ತೋಟ ಉಳಿಯದು. ಮೊದಲ ಸಿಂಪರಣೆ ಮಳೆ ಹಿಡಿಯುವ ಮುನ್ನ, ಎರಡನೆಯದು 40ರಿಂದ 45 ದಿನಗಳ ಬಳಿಕ, ಮಳೆ ಮುಂದುವರಿದರೆ ಮೂರನೆಯದು. ಆದರೆ ಮೈಲುತುತ್ತದಲ್ಲಿರುವ ತಾಮ್ರ ಮೀನಿಗೆ ವಿಷ. ನೀರು ಮೆದುವಾಗಿ, ಹುಳಿಯಾಗಿ ಇದ್ದಷ್ಟೂ ಆ ವಿಷದ ತೀವ್ರತೆ ಹೆಚ್ಚು. ಘಟ್ಟದ ಮೇಲಿನ ನೀರು ಅಂಥದ್ದೇ.

ಆದುದರಿಂದ ತೋಟದ ಬಸಿಗಾಲುವೆ ಬಂದು ಸೇರುವ ಕೆರೆಯಲ್ಲಿ ಮೀನು ಸಾಕಬಾರದು. ತೋಟಕ್ಕಿಂತ ಮೇಲಿರುವ ಕೆರೆಯನ್ನು ಆರಿಸಬೇಕು. ಅನಿವಾರ್ಯವಾದರೆ ಬಸಿನೀರು ಕೆರೆಯನ್ನು ಬಳಸಿ ಹೋಗುವಂತೆ ಬೇರೆ ಕಾಲುವೆ ತೋಡಿ, ಕೊನೆಯ ಸಿಂಪರಣೆಯ ನಂತರವೇ ಮರಿ ಬಿಡಬೇಕು. ದ್ರಾವಣ ಕಲಸಿದ ಪೀಪಾಯಿ, ಪಂಪುಗಳನ್ನು ಕೆರೆಯ ಬದಿಯಲ್ಲಿ ತೊಳೆಯಕೂಡದು. ದ್ರಾವಣವನ್ನು ಸರಿಯಾಗಿ ತಯಾರಿಸುವುದೂ ಮುಖ್ಯ. ಹೊಳಪಿನ ಕಬ್ಬಿಣದ ಚೂರಿಯನ್ನು ದ್ರಾವಣದಲ್ಲಿ ಒಂದು ನಿಮಿಷ ಅದ್ದಿ ತೆಗೆದಾಗ ಕೆಂಪು ಲೇಪ ಕಂಡರೆ ತಾಮ್ರ ಇನ್ನೂ ಬಿಡಿಯಾಗಿ ಉಳಿದಿದೆ. ಇನ್ನಷ್ಟು ಸುಣ್ಣದ ತಿಳಿ ಬೇಕು. ಇದರಿಂದ ಅಡಿಕೆಗೊನೆಗೂ ಕ್ಷೇಮ, ಕೆರೆಗೂ ಕ್ಷೇಮ.

ಈ ಎಚ್ಚರಿಕೆ ಒಬ್ಬರ ಕೆರೆಗೆ ಮುಗಿಯುವುದಿಲ್ಲ. ಶಿರಸಿಯಲ್ಲಿ ಹುಟ್ಟಿ ಸಿದ್ದಾಪುರದ ಕಣಿವೆ ಇಳಿಯುವ ಅಘನಾಶಿನಿ ಕುಮಟಾ ತಾಲೂಕಿನಲ್ಲಿ ಸಮುದ್ರ ಸೇರುತ್ತದೆ. ಯಲ್ಲಾಪುರದ ಮಾಗೋಡಿನಲ್ಲಿ ಧುಮುಕುವ ಬೇಡ್ತಿ ಗಂಗಾವಳಿಯಾಗಿ ಅಂಕೋಲಾ ಕಡೆ ಹೋಗುತ್ತದೆ. ಅಘನಾಶಿನಿಯ ಅಳಿವೆಯಲ್ಲಿ ಚಿಪ್ಪುಮೀನು ಆರಿಸಿ ಬದುಕುವ ಕುಟುಂಬಗಳಿವೆ. 2024ರಲ್ಲಿ ಆ ಅಳಿವೆ ರಾಮ್‌ಸಾರ್ ತಾಣಗಳ ಪಟ್ಟಿಗೆ ಸೇರಿದೆ. ಇದೇ ಕಾರಣದಿಂದ ಭಾರತದಲ್ಲಿ ನಿಷೇಧವಾಗಿರುವ ಆಫ್ರಿಕನ್ ಕ್ಯಾಟ್‌ಫಿಷ್ ಮರಿಗಳನ್ನು ಯಾರು ತಂದುಕೊಟ್ಟರೂ ಬಿಡಬಾರದು. ಅದು ಹಳ್ಳಕ್ಕೆ ತಪ್ಪಿಸಿಕೊಂಡರೆ ಸ್ಥಳೀಯ ಮೀನುಗಳನ್ನು ತಿಂದುಹಾಕುತ್ತದೆ.

ಊರ ಕೆರೆ ಮತ್ತು ಕೆರೆಬೇಟೆ

ಸ್ವಂತ ಕೆರೆಯಾದರೆ ಪಾಲಿನ ಪ್ರಶ್ನೆ ಇಲ್ಲ. ಊರ ಕೆರೆಯ ಮೀನಿನ ಹಕ್ಕು ಸಾಮಾನ್ಯವಾಗಿ ಗುತ್ತಿಗೆಗೆ ಹೋಗುತ್ತದೆ. ಅದು ಹಣವುಳ್ಳ ಒಬ್ಬರ ಕೈಗೆ ಹೋದರೆ ಊರಿನ ಉಳಿದವರಿಗೆ ಕೆರೆಯ ಮೇಲಿನ ಆಸಕ್ತಿ ಕಡಿಮೆಯಾಗಿ, ಕಾವಲೂ ಹೂಳೆತ್ತುವ ಕೆಲಸವೂ ಕೆಡುತ್ತವೆ. ರಂಪಣಿಯ ಕಥೆಯೇ ಇಲ್ಲಿಯೂ ನಡೆದಂತಾಗುತ್ತದೆ.

ಇದಕ್ಕೆ ದಾರಿ ಊರಿನ ಪದ್ಧತಿಯಲ್ಲಿಯೇ ಇದೆ. ಸಿದ್ದಾಪುರ ಹಾಗೂ ನೆರೆಯ ಸೊರಬ, ಸಾಗರದ ಕಡೆ ಬೇಸಿಗೆಯಲ್ಲಿ ನೀರು ಇಳಿದಾಗ ಕೆರೆಬೇಟೆ ನಡೆಯುತ್ತದೆ. ಜನ ಬಿದಿರಿನ ಕೂಣಿ ಹಿಡಿದು ಒಟ್ಟಿಗೆ ಕೆರೆಗಿಳಿಯುತ್ತಾರೆ. ಕೂಣಿಗೆ ಇಷ್ಟೆಂದು ಹಣ ಕಟ್ಟಿಸಿಕೊಂಡು ಊರಿನ ಕೆಲಸಕ್ಕೆ ಬಳಸುವ ರೂಢಿಯೂ ಉಂಟು. ಹೊಸ ಸಾಕಣೆ ಈ ಪದ್ಧತಿಯನ್ನು ತಳ್ಳಿಹಾಕಬೇಕಾಗಿಲ್ಲ. ಊರಿನ ಸಂಘವೇ ಕೆರೆಯನ್ನು ಗುತ್ತಿಗೆಗೆ ಹಿಡಿದು, ಜನವರಿಯಿಂದ ಮಾರ್ಚ್‌ವರೆಗೆ ದೊಡ್ಡ ಮೀನುಗಳನ್ನು ಬಲೆಯಿಂದ ಹಿಡಿದು ಮಾರಿ ಖರ್ಚು ತೆಗೆಯಬಹುದು. ಉಳಿದುದನ್ನು ಕೆರೆಬೇಟೆಗೆ ಬಿಟ್ಟು, ಅದರಿಂದ ಬಂದ ಹಣದಲ್ಲಿ ಮುಂದಿನ ವರ್ಷದ ಮರಿ, ಸುಣ್ಣ ಕೊಳ್ಳಬಹುದು. ಪಾಲು ಹೇಗೆ, ಕಾವಲು ಯಾರದು, ಲೆಕ್ಕ ಯಾರು ಬರೆಯುವವರು ಎಂಬುದನ್ನು ಮರಿ ಬಿಡುವ ಮೊದಲೇ ಸಭೆಯಲ್ಲಿ ಬರೆದುಕೊಳ್ಳಬೇಕು.

ವಿಸ್ತರಣಾ ಕಾರ್ಯಕರ್ತರಿಗೆ

ಪ್ರಾತ್ಯಕ್ಷಿಕೆಗೆ ಎಲ್ಲ ಅನುಕೂಲವಿರುವ ದೊಡ್ಡ ಕೆರೆಯನ್ನು ಆರಿಸದೆ, ಸಾಧಾರಣ ರೈತರ ಸಾಧಾರಣ ಕೆರೆಯನ್ನು ಆರಿಸುವುದು ಒಳಿತು. ಮರಿ ಬಿಡುವ ದಿನದಂತೆಯೇ ಕೊಯ್ಲಿನ ದಿನವೂ ಅಕ್ಕಪಕ್ಕದ ರೈತರನ್ನು ಕರೆದು, ಎಲ್ಲರೆದುರು ತೂಕ ಮಾಡಿ, ಖರ್ಚು ಆದಾಯಗಳನ್ನು ಓದಿ ಹೇಳಬೇಕು. ಮರಿ ಸತ್ತಿದ್ದರೆ ಎಷ್ಟು, ಏಕೆ ಎಂಬುದನ್ನೂ ಮುಚ್ಚಿಡಬಾರದು. ನೆರೆಯವರಿಗೆ ಅದರಿಂದಲೇ ಹೆಚ್ಚು ಉಪಯೋಗ. ಬಲೆ ಹೆಣೆಯುವುದು, ಎಳೆಯುವುದು, ಮೀನಿನಷ್ಟೇ ತೂಕದ ಮಂಜುಗಡ್ಡೆ ಹಾಕಿ ಮಾರುಕಟ್ಟೆಗೆ ಒಯ್ಯುವುದು ಇವುಗಳನ್ನು ಕಲಿಸಲು ಕರಾವಳಿಯ ಅನುಭವಿ ಮೀನುಗಾರರನ್ನೂ ಮೀನು ಮಾರುವ ಹೆಂಗಸರನ್ನೂ ಕರೆಸಿದರೆ ಯಾವ ಪುಸ್ತಕಕ್ಕಿಂತಲೂ ಚೆನ್ನಾಗಿ ಹೇಳಿಕೊಡುತ್ತಾರೆ.

2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಸಾಮಾನ್ಯ ವರ್ಗದವರಿಗೆ ಘಟಕ ವೆಚ್ಚದ ಶೇಕಡಾ 40, ಪರಿಶಿಷ್ಟ ಜಾತಿ, ಪಂಗಡದವರಿಗೆ ಹಾಗೂ ಮಹಿಳೆಯರಿಗೆ ಶೇಕಡಾ 60ರವರೆಗೆ ನೆರವು ಗೊತ್ತುಮಾಡಲಾಗಿತ್ತು. ಕೆರೆ ತೋಡಿಸುವ ಮುನ್ನವೇ ತಾಲೂಕಿನ ಮೀನುಗಾರಿಕೆ ಕಚೇರಿಯಲ್ಲಿ ಆಯಾ ವರ್ಷದ ನೆರವು ಮತ್ತು ಮರಿ ದೊರೆಯುವ ಸಮಯವನ್ನು ವಿಚಾರಿಸಬೇಕು. ಮಣ್ಣು, ನೀರಿನ ಸಲಹೆಗೆ ಶಿರಸಿಯ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.

ಈ ಮಳೆಗಾಲ ಮುಗಿಯುವುದರೊಳಗೆ ರೈತರು ಕೆರೆಯಲ್ಲಿ ಅಡಿಗೋಲು ನೆಟ್ಟು ನೀರಿನ ಮಟ್ಟ ಬರೆಯಲು ತೊಡಗಲಿ. ಒಂದು ವರ್ಷದ ಆ ಪುಟವೇ ಮುಂದಿನ ವರ್ಷ ಎಷ್ಟು ಮರಿ ತರಬೇಕು, ಅಥವಾ ತರುವುದೇ ಬೇಡವೇ ಎಂಬುದನ್ನು ತಿಳಿಸುತ್ತದೆ.