ತಾಯಂದಿರ ಮೈಕೈ ನೋವೂ ಡಬ್ಬಿಯ ಪುಡಿಯೂ

ಊರಿನಿಂದ ಬಂದು ಮುಂಬಯಿಯಲ್ಲಿ ಮಕ್ಕಳೊಡನೆ ನೆಲೆಸಿದ ನಮ್ಮ ತಾಯಂದಿರಲ್ಲಿ ಅನೇಕರು ಈಗ ಬೆಳಗಿನ ನಡಿಗೆಗೂ ವ್ಯಾಯಾಮಕ್ಕೂ ಹೊರಡುತ್ತಿರುವುದು ಸಂತೋಷದ ಸಂಗತಿ. ಪ್ರತಿ ಜನವರಿಯ ಮುಂಬಯಿ ಮ್ಯಾರಥಾನಿನಲ್ಲಿ ಹಿರಿಯ ನಾಗರಿಕರಿಗೆಂದೇ ಒಂದು ಓಟವೂ ಉಂಟು. ಆದರೆ ಮರುದಿನ ತೊಡೆ, ಮೀನಖಂಡ ನೋಯತೊಡಗಿದೊಡನೆ ಮೊಬೈಲಿನ ಜಾಹೀರಾತಿನಲ್ಲಿ ಕಂಡ ಸಸ್ಯಜನ್ಯ ಪುಡಿಯನ್ನು ತರಿಸುವ ಮಾತು ಏಳುತ್ತದೆ. ಬಾಡಿಗೆ, ರೈಲಿನ ಪಾಸು, ಊರಿಗೆ ಕಳಿಸುವ ಹಣ ಕಳೆದು ಸಂಬಳದಲ್ಲಿ ಉಳಿಯುವುದೆಷ್ಟೆಂದು ನಾವೆಲ್ಲ ಬಲ್ಲೆವು. ಆದುದರಿಂದ ಹಣ ತೆರುವ ಮೊದಲು ವಿಷಯವನ್ನು ತಿಳಿದುಕೊಳ್ಳೋಣ.

ರೂಢಿಯಿಲ್ಲದ ಶ್ರಮದಿಂದ, ವಿಶೇಷವಾಗಿ ಮೆಟ್ಟಿಲು ಇಳಿಯುವುದರಿಂದ, ಸ್ನಾಯುವಿನ ಎಳೆಗಳಲ್ಲಿ ಅತಿ ಸೂಕ್ಷ್ಮವಾದ ಸೀಳುಗಳುಂಟಾಗುತ್ತವೆ. ನೋವು ಸಾಮಾನ್ಯವಾಗಿ 24ರಿಂದ 72 ಗಂಟೆಗಳೊಳಗೆ ಏರಿ, ತಾನಾಗಿ ಇಳಿಯುತ್ತದೆ. ಈ ದುರಸ್ತಿಗೆ ಬೇಕಾದ ಸಾಮಗ್ರಿ ಸಸಾರಜನಕ, ಅಂದರೆ ಪ್ರೋಟೀನು. ಮುಟ್ಟು ನಿಂತ ಬಳಿಕ ಸ್ತ್ರೀಯರ ಸ್ನಾಯು ಬೇಗ ಕ್ಷೀಣಿಸುವುದರಿಂದ ಅವರಿಗೆ ವ್ಯಾಯಾಮವೂ ಬೇಕು, ಸಸಾರಜನಕವೂ ಬೇಕು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ಹೇಳಿದ ಪ್ರಮಾಣ, ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 0.83 ಗ್ರಾಂ. 50 ಕಿಲೋ ತೂಗುವವರಿಗೆ ಇದು ಸುಮಾರು 42 ಗ್ರಾಂ. ವೃದ್ಧರಿಗೆ ಇನ್ನೂ ಸ್ವಲ್ಪ ಹೆಚ್ಚು ಬೇಕೆಂಬುದು ಹಲವು ತಜ್ಞರ ಮತ. 100 ಗ್ರಾಂ ಒಣ ಹುರುಳಿಯಲ್ಲಿ ಸುಮಾರು 22 ಗ್ರಾಂ ಸಸಾರಜನಕವಿದೆ. ರಾಗಿಯಲ್ಲಿ ಸುಮಾರು 7 ಗ್ರಾಂ. ಶೇಂಗಾ, ಸೋಯಾಗಳಲ್ಲಿ ಹುರುಳಿಗಿಂತಲೂ ಹೆಚ್ಚು. ಧಾನ್ಯದಲ್ಲಿ ಕಡಿಮೆಯಿರುವ ಲೈಸಿನ್ ಎಂಬ ಅಂಶವನ್ನು ಬೇಳೆಕಾಳು ತುಂಬಿಕೊಡುತ್ತದೆ. ಆದ್ದರಿಂದ ಅನ್ನ-ಬೇಳೆ, ಭಾಕ್ರಿ-ಉಸಳಿಗಳ ಜೋಡಿ ಶಾಸ್ತ್ರಸಮ್ಮತವೇ ಸರಿ. ಮೂತ್ರಪಿಂಡದ ಕಾಯಿಲೆಯಿದ್ದವರು ಮಾತ್ರ ವೈದ್ಯರನ್ನು ಕೇಳಿಯೇ ಪ್ರಮಾಣ ಹೆಚ್ಚಿಸಬೇಕು.

ಇನ್ನು ಡಬ್ಬಿಯ ವಿಚಾರ. ಸೋಯಾ, ಬಟಾಣಿಗಳ ಪುಡಿ ಔಷಧವಲ್ಲ, ಬರಿಯ ಸಸಾರಜನಕ. ಊಟ ಸೇರದವರಿಗೆ ಉಪಯೋಗವಾದೀತು. ಅರಿಸಿನದ ಸಾರದಿಂದ ನೋವು ತುಸು ತಗ್ಗಿತೆಂದು ಕೆಲವು ಸಣ್ಣ ಪ್ರಯೋಗಗಳು ಹೇಳುತ್ತವೆ. ಅವುಗಳಲ್ಲಿ ಬಹುಪಾಲು ತರುಣರ ಮೇಲೆ ನಡೆದವು. ಅಡುಗೆಯ ಅರಿಸಿನ ಬೇರೆ, ಮಾತ್ರೆಯ ಸಾರ ಬೇರೆ: ರಕ್ತ ತೆಳುವಾಗಿಸುವ ಔಷಧ ಸೇವಿಸುವವರು ವೈದ್ಯರನ್ನು ಕೇಳದೆ ಅದನ್ನು ಮುಟ್ಟಬಾರದು. ಥೈರಾಯ್ಡ್ ಔಷಧ ತೆಗೆದುಕೊಳ್ಳುವವರಿಗೆ ಅಶ್ವಗಂಧದ ವಿಷಯದಲ್ಲಿಯೂ ಇದೇ ಮಾತು. ಇವೆರಡರಿಂದಲೂ ಅಪರೂಪಕ್ಕೆ ಯಕೃತ್ತಿಗೆ ಹಾನಿಯಾದುದು ವರದಿಯಾಗಿದೆ. ಡಬ್ಬಿಯ ಮೇಲಿನ 14 ಅಂಕಿಗಳ ಆಹಾರ ಪರವಾನಗಿ ಸಂಖ್ಯೆಯನ್ನು ನೋಡಬೇಕು. ಆದರೆ ಅದು ತಯಾರಕನ ಪರವಾನಗಿಯೇ ಹೊರತು ಗುಣದ ಪ್ರಮಾಣಪತ್ರವಲ್ಲ.

ಒಂದೇ ಕಾಲು ಬಾತುಕೊಂಡರೆ, ಮೂತ್ರ ಚಹದ ಬಣ್ಣಕ್ಕೆ ತಿರುಗಿದರೆ, ಎದೆ ನೋವಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಬರಿಯ ಮೈಕೈ ನೋವಾದರೆ ಒಂದೆರಡು ದಿನ ಹಗುರವಾಗಿ ನಡೆದು, ಮತ್ತೆ ಮೆಲ್ಲಗೆ ವ್ಯಾಯಾಮಕ್ಕೆ ತೊಡಗಬಹುದು.

ಕೊನೆಯದಾಗಿ ಒಂದು ಮಾತು. ನಮ್ಮ ಮನೆಗಳಲ್ಲಿ ಎಲ್ಲರ ಊಟವಾದ ಮೇಲೆ ತಾಯಿ ಉಣ್ಣುತ್ತಾಳೆ. ಅಷ್ಟರಲ್ಲಿ ಪಾತ್ರೆಯಲ್ಲಿ ಸಾರು ಉಳಿದಿರುತ್ತದೆ, ಕಾಳು ಉಳಿದಿರುವುದಿಲ್ಲ. ಇಂದು ರಾತ್ರಿ ಆಕೆಯ ಪಾಲಿನ ಕಾಳನ್ನು ಮೊದಲೇ ತೆಗೆದಿಡೋಣ.