ಹಾಲಿನ ಪಟ್ಟಿಯಲ್ಲಿ ಗೆರೆ ಮೂಡದಿದ್ದರೆ ಏನರ್ಥ?

ಕೆಚ್ಚಲು ಬಾವು ಬಂದ ಹಸುವಿಗೆ ಡಾಕ್ಟ್ರು ಆಂಟಿಬಯೋಟಿಕ್ ಟ್ಯೂಬ್ ಏರಿಸಿ ಹೋಗ್ತಾರೆ. ಎರಡೇ ದಿನಕ್ಕೆ ಬಾವು ಇಳಿಯುತ್ತೆ, ಹಾಲು ಬೆಳ್ಳಗೆ ಕಾಣುತ್ತೆ, ಕ್ಯಾನ್ ಡೈರಿಗೆ ಹೊರಡುತ್ತೆ. ಆದರೆ ಔಷಧ ಇನ್ನೂ ಆ ಹಾಲಲ್ಲೇ ಇರಬಹುದು. ಬಣ್ಣ, ವಾಸನೆಯಲ್ಲಿ ಅದು ಗೊತ್ತಾಗಲ್ಲ, ಲ್ಯಾಕ್ಟೋಮೀಟರಿಗೂ ಸಿಕ್ಕಲ್ಲ. ಕಾಯಿಸಿದರೆ ಪೂರ್ತಿ ಹೋಗುತ್ತೆ ಅನ್ನೋದೂ ಸುಳ್ಳು.

ಪೆನ್ಸಿಲಿನ್‌ಗೆ ಅಂತರರಾಷ್ಟ್ರೀಯ ಕೋಡೆಕ್ಸ್ ಮಿತಿ ಕಿಲೋ ಹಾಲಿಗೆ 4 ಮೈಕ್ರೋಗ್ರಾಂ. ಲೆಕ್ಕ ಹಾಕಿ: 1 ಮಿಲಿಗ್ರಾಂ ಪೆನ್ಸಿಲಿನ್ ಸಾಕು, ಸುಮಾರು 250 ಲೀಟರ್ ಹಾಲು ಮಿತಿ ಮುಟ್ಟಲು. ಅಂದ್ರೆ 40 ಲೀಟರಿನ ಆರು ಕ್ಯಾನ್! ನಮ್ಮ ಭಾರತೀನಗರದ ಸುತ್ತಲಿನ ಹಳ್ಳಿಗಳಲ್ಲಿ ಡೈರಿಗೆ ಹಾಕಿದ ಹಾಲೆಲ್ಲ ಒಟ್ಟಿಗೇ ಸೇರಿ ಗೆಜ್ಜಲಗೆರೆಯ ಮನ್‌ಮುಲ್‌ಗೆ ಹೋಗುತ್ತೆ. ಒಬ್ಬರ ಅವಸರಕ್ಕೆ ಊರಿನ ಹಾಲೇ ಕೆಡಬಹುದು. 2018ರಲ್ಲಿ ಎಫ್‌ಎಸ್‌ಎಸ್‌ಎಐ ದೇಶಾದ್ಯಂತ ಪರೀಕ್ಷಿಸಿದ 6,432 ಮಾದರಿಗಳಲ್ಲಿ 77ರಲ್ಲಿ ಆಂಟಿಬಯೋಟಿಕ್ ಮಿತಿ ಮೀರಿತ್ತು. ಕಡಿಮೆ ಅನ್ನಿಸಬಹುದು. ಆದರೆ ಇದು ಕೊಟ್ಟಿಗೆಯಲ್ಲೇ ನಿಲ್ಲಿಸಬಹುದಾದ ದೋಷ, ಅದಕ್ಕೇ ನನಗದು ಕಡಿಮೆ ಅಲ್ಲ.

ಇದನ್ನು ಹಿಡಿಯೋಕೆ ಬಂದಿರೋದೇ ಚಿಕ್ಕ ಪಟ್ಟಿ, ಅಂದ್ರೆ ಸ್ಟ್ರಿಪ್. ಬತ್ತಿ ಎಣ್ಣೆ ಎಳೆಯೋ ಹಾಗೆ ಅದರ ಸಣ್ಣ ರಂಧ್ರಗಳು ಹಾಲನ್ನು ತಾವೇ ಎಳ್ಕೊಳ್ತವೆ, ಪಂಪೂ ಬೇಡ, ಕರೆಂಟೂ ಬೇಡ. ಪಟ್ಟಿಯ ಬುಡದಲ್ಲಿ ಬಣ್ಣದ ಕಣಗಳಿವೆ, ಅವಕ್ಕೆ ಔಷಧವನ್ನು ಹಿಡಿಯುವ ಪ್ರತಿಕಾಯ ಅಂಟಿಸಿರ್ತಾರೆ. ಮುಂದೆ ಪರೀಕ್ಷಾ ಗೆರೆಯ ಜಾಗದಲ್ಲಿ ಅದೇ ಔಷಧದ ಅಂಶ ಕೂತಿರುತ್ತೆ. ಹಾಲು ಶುದ್ಧವಾಗಿದ್ರೆ ಕಣಗಳು ಅಲ್ಲಿ ಹೋಗಿ ಅಂಟಿ ಗೆರೆ ಮೂಡುತ್ತೆ. ಹಾಲಲ್ಲೇ ಔಷಧ ಇದ್ರೆ? ಮದ್ದೂರಲ್ಲೇ ತುಂಬಿದ ಮಳವಳ್ಳಿ ಬಸ್ಸಲ್ಲಿ ನಮ್ಮೂರಲ್ಲಿ ನಿಂತವರಿಗೆ ಸೀಟು ಎಲ್ಲಿಂದ ಸಿಗಬೇಕು! ಕಣಗಳು ಮೊದಲೇ ಭರ್ತಿ, ಗೆರೆ ಮಸುಕಾಗುತ್ತೆ ಇಲ್ಲವೇ ಮೂಡೋದೇ ಇಲ್ಲ.

ಹಾಗಾಗಿ ಪ್ರೆಗ್ನೆನ್ಸಿ ಕಿಟ್ ನೋಡಿದ ಅಭ್ಯಾಸದಲ್ಲಿ ಇದನ್ನು ಓದಬೇಡಿ. ಅಲ್ಲಿ ಗೆರೆ ಬಂದ್ರೆ ‘ಇದೆ’, ಇಲ್ಲಿ ಗೆರೆ ಹೋದ್ರೆ ‘ಇದೆ’. ಕಂಟ್ರೋಲ್ ಗೆರೆಯೇ ಬರದಿದ್ದರೆ ಆ ಪಟ್ಟಿ ಎಸೆದು ಇನ್ನೊಂದು ತಗೊಳ್ಳಿ.

2007ರಲ್ಲಿ ಹಾರ್ವರ್ಡ್‌ನ ಜಾರ್ಜ್ ವೈಟ್‌ಸೈಡ್ಸ್ ತಂಡ ಕಾಗದದಲ್ಲೇ ಸಣ್ಣ ಕಾಲುವೆಗಳನ್ನು ಮಾಡಿ, ಒಂದೇ ತುಂಡಿನಲ್ಲಿ ಬೇರೆಬೇರೆ ಪರೀಕ್ಷೆ ಮಾಡಿ ತೋರಿಸಿತು. ಇಂಥ ಚಿಪ್‌ಗಳ ಬಣ್ಣವನ್ನು ಫೋನ್ ಕ್ಯಾಮೆರಾದಲ್ಲೇ ಅಳೆಯುವ ಕೆಲಸವೂ ಪ್ರಯೋಗಾಲಯಗಳಲ್ಲಿ ನಡೀತಿದೆ. ಸದ್ಯ ನಾವು ಬಳಸಬಹುದಾದದ್ದು ಪಟ್ಟಿಯೇ.

ಪಟ್ಟಿಗೂ ಮಿತಿ ಇದೆ. ಪೆನ್ಸಿಲಿನ್ ಗುಂಪಿನ ಪಟ್ಟಿ ಟೆಟ್ರಾಸೈಕ್ಲಿನ್ ಹಿಡಿಯಲ್ಲ. ಪೊಟ್ಟಣದ ಮೇಲೆ ಯಾವ ಗುಂಪು ಅಂತ ಬರೆದಿದೆಯೋ ಅದಷ್ಟೇ. ಅದಕ್ಕೆ ಡಾಕ್ಟ್ರು ಬಂದಾಗಲೇ ಬಾಟ್ಲಿ, ಟ್ಯೂಬಿನ ಲೇಬಲ್ ಫೋಟೋ ತೆಗೆದಿಟ್ಕೊಳ್ಳಿ. ಕೊನೆಯ ಡೋಸ್ ಆದ ಮೇಲೆ ಎಷ್ಟು ದಿನ ಹಾಲು ಹಾಕಬಾರದು ಅನ್ನೋದು ಲೇಬಲ್ಲಲ್ಲೇ ಇರಬೇಕು. ಇಂಥ ಅವಧಿ ನಿಗದಿಯಾಗಿರದ ಔಷಧಿಗೆ 2012ರ ನಿಯಮದ ಪ್ರಕಾರ ಹಾಲಿಗೆ ಕನಿಷ್ಠ 7 ದಿನ. ಫೋನಲ್ಲಿ ಅಲಾರಾಂ ಇಡಿ. ಒಂದೇ ಮೊಲೆಗೆ ಟ್ಯೂಬ್ ಏರಿಸಿದ್ರೂ ನಾಲ್ಕರ ಹಾಲೂ ಬೇಡ, ಔಷಧ ರಕ್ತದಲ್ಲಿ ಸೇರಿ ಉಳಿದವಕ್ಕೂ ಬರಬಹುದು.

ಹೆಪ್ಪು ಹಾಕಿದ ಹಾಲು ಮೊಸರಾಗದಿದ್ದರೆ ಅದೂ ಒಂದು ಸುಳಿವು: ಮೊಸರಿನ ಬ್ಯಾಕ್ಟೀರಿಯಾವನ್ನೇ ಔಷಧ ತಡೆದಿರಬಹುದು. ಆದರೆ ಮೊಸರಾಯ್ತು ಅಂತ ನಿಶ್ಚಿಂತೆ ಬೇಡ, ಅಲ್ಪ ಪ್ರಮಾಣ ಇದಕ್ಕೆ ಸಿಗಲ್ಲ.

ಬಿಟ್ಟ ಹಾಲನ್ನು ಕರುವಿಗೆ ಕುಡಿಸಬೇಡಿ, ಅದರ ಹೊಟ್ಟೆಯಲ್ಲಿ ಔಷಧಕ್ಕೆ ಬಗ್ಗದ ರೋಗಾಣು ಬೆಳೀಬಹುದು. ನಾಲೆಗೆ ಚೆಲ್ಲದೆ ಗುಂಡಿಗೆ ಸುರಿದು ಮಣ್ಣು ಮುಚ್ಚಿ. ಸಾವಯವದವರಿಗೆ ಇನ್ನೊಂದು ಮಾತು: ಚಿಕಿತ್ಸೆಯಲ್ಲಿರೋ ಹಸುವಿನ ಗಂಜಲ, ಸಗಣಿ ಜೀವಾಮೃತದ ಡ್ರಮ್ಮಿಗೆ ಬೇಡ. ಸೂಕ್ಷ್ಮಜೀವಿ ಬೆಳೆಸೋಕೆ ಹೊರಟ ಡ್ರಮ್ಮಿಗೆ ಅವನ್ನು ಕೊಲ್ಲುವ ಔಷಧ ಹಾಕಿದಂತಾಗುತ್ತೆ. ಆ ದಿನಗಳಲ್ಲಿ ಬೇರೆ ಹಸುವಿನದ್ದು ಬಳಸಿ.