ಅರ್ಧ ಕಪ್ಪಾದ ಪಟ

2023ರ ಜುಲೈ 13ರಂದು ದೆಹಲಿಯಲ್ಲಿ ಯಮುನೆಯು 208.66 ಮೀಟರ್ ಮಟ್ಟವನ್ನು ಮುಟ್ಟಿ, 1978ರ ಮಹಾಪ್ರವಾಹದ 207.49 ಮೀಟರಿನ ದಾಖಲೆಯನ್ನು ಮೀರಿದಾಗ, ನಮ್ಮ ಮಯೂರ್ ವಿಹಾರದ ಮಗ್ಗುಲಲ್ಲಿರುವ ಖಾದರಿನಲ್ಲಿ, ಎಂದರೆ ನದಿಯ ಮೆಕ್ಕಲು ಬಯಲಿನಲ್ಲಿ, ತರಕಾರಿ ಬೆಳೆದು ಬದುಕುತ್ತಿದ್ದ ಕುಟುಂಬಗಳು ದನಕರು, ಮಂಚ, ಪಾತ್ರೆಪಡಗಗಳ ಸಮೇತ ರಸ್ತೆಯ ಅಂಚಿಗೆ ಬಂದು ಡೇರೆಗಳಲ್ಲಿ ನೆಲಸಿದವು. ನಾನು ನನ್ನ ಪೆಂಟಾಕ್ಸ್ ಕೆ1000 ಕ್ಯಾಮೆರಾವನ್ನು ಹೆಗಲಿಗೆ ಹಾಕಿಕೊಂಡು ಎರಡು ದಿನ ಅವರ ನಡುವೆ ಓಡಾಡಿದೆನು. ಮೊಮ್ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡಿದ್ದ ಅಜ್ಜಿಯೊಬ್ಬರು, “ಭೈಯಾ, ಮನೆಯಲ್ಲಿದ್ದ ಪಟಗಳೆಲ್ಲ ನೀರುಪಾಲಾದವು, ಇದರದೊಂದು ನಮಗೆ ಕೊಡ್ತೀಯಾ?” ಎಂದು ಕೇಳಿದರು. “ಖಂಡಿತ ಕೊಡ್ತೀನಿ, ಮಾಜೀ” ಎಂದು ಮಾತು ಕೊಟ್ಟು ಬಂದೆನು.

ಆ ರೋಲನ್ನು ಬಚ್ಚಲುಮನೆಯಲ್ಲಿ, ಬೆಚ್ಚಗಿನ ನಲ್ಲಿನೀರನ್ನು ಮಂಜುಗಡ್ಡೆಯಿಂದ 20 ಡಿಗ್ರಿಗೆ ಇಳಿಸಿಕೊಂಡು, ಡಿ-76 ದ್ರಾವಣದಲ್ಲಿ ಸಂಸ್ಕರಿಸಿ ಒಣಗಿಸಿದ ಬಳಿಕ ಬೆಳಕಿಗೆ ಹಿಡಿದು ನೋಡಿದರೆ, ಬಿಸಿಲಿನ ಕಾರಣದಿಂದ ಸೆಕೆಂಡಿನ ಸಾವಿರದ ಒಂದಂಶದ ವೇಗದಲ್ಲಿ ತೆಗೆದ ಚಿತ್ರಗಳೆಲ್ಲವೂ ಒಂದು ಪಕ್ಕದಲ್ಲಿ ಗಾಜಿನಂತೆ ಬರಿದಾಗಿದ್ದವು. ಮುದ್ರಿಸಿದಾಗ ಆ ಪಕ್ಕವೆಲ್ಲ ಕಡುಗಪ್ಪು. ಅಜ್ಜಿಯ ಮುಖ ಉಳಿದಿದ್ದಿತು; ಮಗುವು ಕತ್ತಲೆಯಲ್ಲಿ ಮುಳುಗಿದ್ದಿತು.

ಈ ಜಾತಿಯ ಕ್ಯಾಮೆರಾದಲ್ಲಿ ಫಿಲ್ಮಿನ ಮುಂದೆ ಎರಡು ಬಟ್ಟೆಯ ಪರದೆಗಳು ಅಡ್ಡಲಾಗಿ ಓಡುತ್ತವೆ. ಮೊದಲನೆಯದು ಬೆಳಕಿಗೆ ದಾರಿ ಬಿಡುತ್ತದೆ, ಎರಡನೆಯದು ಅದನ್ನು ಬೆನ್ನಟ್ಟಿ ದಾರಿ ಮುಚ್ಚುತ್ತದೆ. ಅತಿ ವೇಗದಲ್ಲಿ ಇವೆರಡರ ನಡುವೆ ಉಳಿಯುವುದು ಕಿರಿದಾದೊಂದು ಸೀಳು ಮಾತ್ರ. ದಶಕಗಳು ಕಳೆದು ಒಳಗಿನ ಗ್ರೀಸು ಗಟ್ಟಿಯಾಗಿ ಮೊದಲಿನ ಪರದೆಯು ಹಿಂಜರಿದರೆ, ಎರಡನೆಯದು ಅದನ್ನು ಹಾದಿಯಲ್ಲೇ ಹಿಡಿದುಬಿಡುತ್ತದೆ, ಫಿಲ್ಮಿನ ಉಳಿದ ಭಾಗವು ಬೆಳಕನ್ನೇ ಕಾಣದು. ಇದಲ್ಲದೆ ಹಿಂಬಾಗಿಲಿನ ಸಂದಿಗಳಲ್ಲಿ ಬೆಳಕು ನುಸುಳದಂತೆ ಅಂಟಿಸಿದ್ದ ಸ್ಪಂಜು ಕರಗಿ ಡಾಂಬರಿನಂತೆ ಜಿಗುಟಾಗಿದ್ದಿತು. ತೇವವನ್ನು ಹೀರಿ ಹಿಡಿದಿಡುವ ಚರ್ಮದ ಚೀಲದಲ್ಲಿಯೇ ವರ್ಷಗಟ್ಟಲೆ ಇಟ್ಟಿದ್ದ ನನ್ನ ಅಜಾಗರೂಕತೆಯಿಂದ ಲೆನ್ಸಿನೊಳಗೆ ಬೂಷ್ಟು ಜೇಡರ ಬಲೆಯಂತೆ ಹಬ್ಬಿದ್ದಿತು.

“ಅಪ್ಪಾ, ರಿಪೇರಿಗೆ ಸುರಿಯೋ ದುಡ್ಡಿಗೆ ಅದೇ ಮಾಡೆಲ್ಲು ಇನ್ನೊಂದು ಸಿಗುತ್ತೆ, ಕೊಂಡುಬಿಡಿ” ಎಂದು ಮಗ ಹೇಳಿದನು. ಲೆಕ್ಕ ತಪ್ಪಾಗಿರಲಿಲ್ಲ. ಆದರೆ ಆ ಲೆಕ್ಕವನ್ನು ನಂಬಿ ನಾನು ಒಮ್ಮೆ ಕೈಸುಟ್ಟುಕೊಂಡಿದ್ದೆನು. ನನ್ನಲ್ಲಿದ್ದ, 1966ರಲ್ಲಿ ಹೊರಬಂದ ಮಾಲಿಕೆಯ ಯಾಶಿಕಾ ಎಲೆಕ್ಟ್ರೋ 35 ಬೆಳಕನ್ನು ಮನಬಂದಂತೆ ಅಳೆಯತೊಡಗಿದಾಗ ಅದನ್ನು ಮೂಲೆಗಿಟ್ಟು, ಹೊಳೆಹೊಳೆಯುವ ಅದೇ ಮಾದರಿಯ ಮತ್ತೊಂದನ್ನು ಕೊಂಡೆನು; ಕೆಲವೇ ರೋಲುಗಳಲ್ಲಿ ಅದಕ್ಕೂ ಅದೇ ವ್ಯಾಧಿ ತಗುಲಿತು. ಆ ಕ್ಯಾಮೆರಾಗಳ ಒಳಗೆ ಸಣ್ಣದೊಂದು ರಬ್ಬರಿನ ತುಣುಕು ಇರುತ್ತದೆ, ಅದು ಸವೆದು ಪುಡಿಯಾದರೆ ಶಟರಿನ ಹದ ತಪ್ಪುತ್ತದೆ. ಲೀವರನ್ನು ಎಳೆದಾಗ ಕೇಳಬೇಕಾದ ‘ಟಕ್’ ಎಂಬ ಸದ್ದು ಅಡಗಿದ್ದರೆ ರೋಗವು ಬಂದಿತೆಂದೇ ತಿಳಿಯತಕ್ಕುದು. ಎರಡನೆಯದನ್ನು ಕೊಳ್ಳುವಾಗ ಆ ಸದ್ದಿಗೆ ನಾನು ಕಿವಿಗೊಟ್ಟಿರಲಿಲ್ಲ. ಬದಲಾವಣೆ ಎಂದು ನಾವು ಕರೆಯುವುದು ಹಳೆಯ ಕ್ಯಾಮೆರಾಗಳ ವಿಷಯದಲ್ಲಿ ಹೊಸದನ್ನು ಪಡೆಯುವುದಲ್ಲ, ಅಷ್ಟೇ ವಯಸ್ಸಿನ, ಚರಿತ್ರೆ ತಿಳಿಯದ ಇನ್ನೊಂದನ್ನು ಪಡೆಯುವುದು ಎಂಬುದು ನನಗೆ ಅರಿವಾದದ್ದು ಆಗಲೇ. ಕೆ1000 ತಯಾರಾದದ್ದು 1976ರಿಂದ 1997ರವರೆಗೆ. ಅತ್ಯಂತ ಕಿರಿಯದಕ್ಕೂ ಈಗ ಕಾಲು ಶತಮಾನ ಮೀರಿದೆ.

ಆದುದರಿಂದ ಮಯೂರ್ ವಿಹಾರ್-1ರಲ್ಲಿ ಮೆಟ್ರೋ ಹತ್ತಿ, ರಾಜೀವ್ ಚೌಕದಲ್ಲಿ ಹಳದಿ ಮಾರ್ಗಕ್ಕೆ ಬದಲಾಯಿಸಿ, ಚಾಂದನಿ ಚೌಕದಲ್ಲಿ ಇಳಿದು, ಕ್ಯಾಮೆರಾ ವ್ಯಾಪಾರಕ್ಕೆ ಹೆಸರಾದ ಕೂಚಾ ಚೌಧರಿಯ ಗಲ್ಲಿಯೊಳಗೆ ಹೋದೆನು. ಅಲ್ಲಿ ಮೆಟ್ಟಿಲಿನ ಕೆಳಗಿನ ಇಕ್ಕಟ್ಟಿನಲ್ಲಿ ಕುಳಿತ ವೃದ್ಧ ಮೇಸ್ತ್ರಿಯು ಹಿಂಬಾಗಿಲನ್ನು ತೆರೆದು, ಶಟರನ್ನು ಒಂದು ಸೆಕೆಂಡಿಗೆ ಇಟ್ಟು, ಗಡಿಯಾರವನ್ನು ನೋಡದೆ ಕಿವಿಯಿಂದಲೇ ಅಳೆದು, “ಬಾಬೂಜಿ, ಇದರಲ್ಲಿ ಇನ್ನೂ ಚಿತ್ರ ತೆಗೀತೀರೋ, ಕಪಾಟಿನಲ್ಲಿ ಇಡ್ತೀರೋ?” ಎಂದು ಕೇಳಿದನು. ತೆಗೆಯುತ್ತೇನೆ ಎಂದೆನು. “ಹಾಗಾದರೆ ಬಿಚ್ಚೋಣ. ಇದರ ಹೊಟ್ಟೆಯಲ್ಲಿರೋದು ಹಲ್ಲುಚಕ್ರ, ಸ್ಪ್ರಿಂಗು. ಕೈಗೆ ಸಿಗದೆ ಇರೋದು ಏನೂ ಇಲ್ಲ.” ಬ್ಯಾಟರಿಯು ಬೆಳಕನ್ನು ಅಳೆಯುವ ಮುಳ್ಳಿಗೆ ಮಾತ್ರ ಬೇಕಾದುದು, ಶಟರಿಗೆ ಅದರ ಹಂಗಿಲ್ಲವೆಂಬುದನ್ನು ನಾನು ಬಲ್ಲೆನಾದರೂ, ಆತನ ಬಾಯಿಂದ ಕೇಳಿದಾಗ ಅದರ ಅರ್ಥವು ಬೇರೆಯೇ ಆಗಿ ತೋರಿತು.

ಆದರೆ ಲೆನ್ಸನ್ನು ಆತನು ಮುಟ್ಟಲೊಲ್ಲದೆ ಹೋದನು. ಟಾರ್ಚಿನ ಬೆಳಕನ್ನು ಓರೆಯಾಗಿ ಬಿಟ್ಟು, ಬೂಷ್ಟು ಗಾಜಿನ ಮೇಲಣ ಲೇಪನವನ್ನೇ ಕೊರೆದಿರುವುದನ್ನು ತೋರಿಸಿ, ಒರೆಸಿದರೂ ಗುರುತು ಹೋಗದೆಂದನು. ಈ ಕ್ಯಾಮೆರಾಕ್ಕೆ ಲೆನ್ಸನ್ನು ಜೋಡಿಸುವ, 1975ರಲ್ಲಿ ಬಂದ ಮೌಂಟಿಗೆ ಹೊಂದುವ 50 ಮಿಲಿಮೀಟರಿನ ಲೆನ್ಸುಗಳು ಇಂದಿಗೂ ದುರ್ಲಭವಲ್ಲ; ಅಲ್ಲೇ ಟಾರ್ಚು ಹಾಕಿ ನೋಡಿ ನಿರ್ಮಲವಾದೊಂದನ್ನು ಆರಿಸಿಕೊಂಡೆನು. ಹೀಗೆ ಒಂದೇ ಕ್ಯಾಮೆರಾದಲ್ಲಿ ಒಡಲು ದುರಸ್ತಿಯಾಯಿತು, ಕಣ್ಣು ಬದಲಾಯಿತು. ಜೊತೆಗೆ ಒಯ್ದಿದ್ದ, ತೊಂಬತ್ತರ ದಶಕದ ಪುಟ್ಟ ಸ್ವಯಂಚಾಲಿತ ಕ್ಯಾಮೆರಾವನ್ನು ಆತನು ಬಿಚ್ಚದೆಯೇ ಹಿಂದಿರುಗಿಸಿದನು. ಅದರ ಸರ್ಕಿಟ್ ಸುಟ್ಟಿದ್ದಿತು, ಬಿಡಿಭಾಗವನ್ನು ಮಾಡುವವರು ಯಾರೂ ಇಲ್ಲ. ನನ್ನ ಮಗಳ ಬಾಲ್ಯವೆಲ್ಲ ಅದರಲ್ಲಿ ಚಿತ್ರಿತವಾಗಿದ್ದಿತಾದ್ದರಿಂದ ಮನಸ್ಸಿಗೆ ನೋವಾಯಿತು. ಆದರೂ ಆ ತೀರ್ಪನ್ನು ಒಪ್ಪಿದೆನು.

ಮೂರು ವಾರಗಳ ನಂತರ ಕೈಗೆ ಬಂದ ಕ್ಯಾಮೆರಾದಲ್ಲಿ ಮೊದಲ ರೋಲನ್ನು ಬಾಲ್ಕನಿಯ ಬಿಳಿಗೋಡೆಯ ಮೇಲೆ ಎಲ್ಲ ವೇಗಗಳಲ್ಲಿಯೂ ಖರ್ಚುಮಾಡಿ, ಸಾವಿರದ ಒಂದಂಶದಲ್ಲಿಯೂ ಪಟವು ಅಂಚಿನಿಂದ ಅಂಚಿಗೆ ಸಮನಾಗಿರುವುದನ್ನು ಕಂಡ ಮೇಲೆಯೇ ಖಾದರಿಗೆ ಹೋದೆನು. ನೀರು ಇಳಿದು, ಗುಡಿಸಲುಗಳು ಮತ್ತೆ ಎದ್ದು, ಹಸಿಮಣ್ಣಿನಲ್ಲಿ ಮೂಲಂಗಿಯ ಮೊಳಕೆ ಕಾಣುತ್ತಿದ್ದಿತು. ಅಜ್ಜಿಯನ್ನೂ ಮಗುವನ್ನೂ ಅದೇ ರೀತಿ ಕೂರಿಸಿ ಚಿತ್ರ ತೆಗೆದೆನು. ಮುಂದಿನ ಭಾನುವಾರ ಕೊಟ್ಟ ಪಟವನ್ನು ಅವರು ಬಹಳ ಹೊತ್ತು ನೋಡಿ, ಪ್ಲಾಸ್ಟಿಕ್ ಚೀಲದಲ್ಲಿ ಎರಡು ಸುತ್ತು ಸುತ್ತಿ, ಮಂಚದ ಮೇಲೆ ಹತ್ತಿ ನಿಂತು, ಸೂರಿನ ಬಿದಿರಿಗೆ ಕೈಗೆಟುಕಿದಷ್ಟು ಎತ್ತರದಲ್ಲಿ ಕಟ್ಟಿದರು.